ದಿನಾ ಒಂದು ಕಿಲೋಮೀಟರ್ ಈಜಿದರೂ ಸ್ಪರ್ಧೆಯಲ್ಲಿ ಕೊನೆ ಯಾಕೆ?

ಮಗುವನ್ನು ಬೇಸಿಗೆ ಶಿಬಿರಕ್ಕೆ ಸೇರಿಸಲೆಂದು ಈಜುಕೊಳಕ್ಕೆ ಹೋದವರು ನೀವು. ಮೆಟ್ಟಿಲ ಮೇಲೆ ಕೂತು ಕೂತು ಬೇಜಾರಾಗಿ, ‘ನಾನೂ ಕಲಿತರೆ ಹೇಗೆ’ ಅನಿಸಿ ಮಹಿಳೆಯರ ಬ್ಯಾಚಿಗೆ ಹೆಸರು ಕೊಟ್ಟಿರಿ. ಮಗು ಈಜು ಬಿಟ್ಟು ಟ್ಯೂಷನ್ನಿಗೆ ಹೋಯಿತು. ನೀವು ಮಾತ್ರ ಬಿಡಲಿಲ್ಲ. ತಿಂಡಿ ಮಾಡಿ, ಡಬ್ಬಿ ಕಟ್ಟಿ, ಎಲ್ಲರನ್ನೂ ಕಳಿಸಿ, ಹತ್ತು ಗಂಟೆಗೆ ಕ್ಯಾಪು, ಗಾಗಲ್ಸ್ ಹಿಡಿದು ಹೊರಟರೆ ಆ ಒಂದು ಗಂಟೆ ನಿಮ್ಮದೇ. ಅಲ್ಲಿ ಮೊಬೈಲ್ ಇಲ್ಲ, ಕುಕ್ಕರ್ ಸೀಟಿ ಇಲ್ಲ, ‘ಅಮ್ಮಾ ನನ್ನ ಸಾಕ್ಸ್ ಎಲ್ಲಿ’ ಇಲ್ಲ!

ಹೀಗೆ ಎರಡು ಮೂರು ವರ್ಷ ಕಳೆದ ಮೇಲೆ ಒಂದು ದಿನ ಕೊಳದ ನೋಟಿಸ್ ಬೋರ್ಡಿನಲ್ಲಿ ‘ಮಾಸ್ಟರ್ಸ್ ಈಜು ಸ್ಪರ್ಧೆ’ ಅಂತ ಒಂದು ಹಾಳೆ ಕಾಣುತ್ತದೆ. ಮಾಸ್ಟರ್ಸ್ ಅಂದರೆ ಮೇಷ್ಟರು ಅಂತ ತಿಳಿದು ಮುಂದೆ ಹೋಗಬೇಡಿ. ವಯಸ್ಕರ ಸ್ಪರ್ಧೆಗೆ ಜಗತ್ತಿನಾದ್ಯಂತ ಇರುವ ಹೆಸರು ಅದು. ಅಂತರರಾಷ್ಟ್ರೀಯ ನಿಯಮದ ಪ್ರಕಾರ 25 ತುಂಬಿದ ಯಾರು ಬೇಕಾದರೂ ಭಾಗವಹಿಸಬಹುದು. ಐದೈದು ವರ್ಷಕ್ಕೆ ಒಂದು ಗುಂಪು. 44ರ ನೀವು 20ರ ಹುಡುಗಿಯ ಪಕ್ಕ ನಿಂತು ಈಜಬೇಕಿಲ್ಲ, 40ರಿಂದ 44ರವರ ಜೊತೆ ಈಜಿದರೆ ಸಾಕು. ರಿಲೇಯಲ್ಲಂತೂ ನಾಲ್ವರ ವಯಸ್ಸನ್ನು ಕೂಡಿಸಿ ಗುಂಪು ಮಾಡುತ್ತಾರೆ. ವಯಸ್ಸು ಹೇಳಿಕೊಳ್ಳಲು ಹಿಂಜರಿಯದ ಜಾಗ ಅಂತ ಇದ್ದರೆ ಅದೊಂದೇ ಇರಬೇಕು! ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ 1986ರಲ್ಲಿ ಟೋಕಿಯೊದಲ್ಲಿ ನಡೆಯಿತು. ನಮ್ಮಲ್ಲೂ ರಾಜ್ಯ, ರಾಷ್ಟ್ರ ಮಟ್ಟದಲ್ಲಿ ನಡೆಯುತ್ತದೆ. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ಸ್ಪರ್ಧೆ ನಮ್ಮ ಮಂಗಳೂರಿನ ಎಮ್ಮೆಕೆರೆಯ ಹೊಸ ಕೊಳದಲ್ಲೇ ಆಯಿತು.

ಗೆಳತಿಯರು ‘ಕೊಡೇ ಹೆಸರು, ದಿನಾ ನಲವತ್ತು ರೌಂಡ್ ಹೊಡಿತೀಯಲ್ಲ, ನಿನಗೇನು’ ಅಂತಾರೆ. ನೀವೂ ಕೊಡುತ್ತೀರಿ. ನಾನೂ ಕೊಟ್ಟೆ.

ಎಪ್ಪತ್ತೈದು ಮೀಟರ್‌ವರೆಗೆ ರಾಣಿ, ಆಮೇಲೆ...

ನನ್ನ ಕಥೆ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮದೂ ಹೆಚ್ಚುಕಡಿಮೆ ಇದೇ ಆಗುತ್ತದೆ. ನನ್ನದು 100 ಮೀಟರ್ ಫ್ರೀಸ್ಟೈಲ್. ಸೀಟಿ ಊದಿದ್ದೇ ತಡ, ಜೀವ ಬಿಟ್ಟು ಹೊರಟೆ. ಮೊದಲ 50 ಮೀಟರ್ 1 ನಿಮಿಷ 6 ಸೆಕೆಂಡು. ಪಕ್ಕದ ಲೇನಿನವರ ಜೊತೆಗೇ ಇದ್ದೆ. ಎಪ್ಪತ್ತೈದರ ಹತ್ತಿರ ಬಂದಾಗ ತೋಳು ನನ್ನದಲ್ಲ ಅನಿಸಿತು. ಕಾಲು ಕೆಳಗೆ ಹೋಯಿತು. ನೀರು ಹಿಡಿಯಲು ಹೋದರೆ ಕೈ ಜಾರುತ್ತಿದೆ. ಉಸಿರು ತಗೊಳ್ಳೋಣ ಅಂದರೆ ಬಾಯಿ ತುಂಬ ನೀರು. ಹೇಗೋ ಗೋಡೆ ಮುಟ್ಟಿದೆ. ಕೊನೆಯ 50 ಮೀಟರಿಗೆ 1 ನಿಮಿಷ 25 ಸೆಕೆಂಡು. ಒಟ್ಟು 2 ನಿಮಿಷ 31. ಆರು ಜನರಲ್ಲಿ ಆರನೆಯವಳು. ನಾನು ಮುಟ್ಟುವ ಹೊತ್ತಿಗೆ ಮೊದಲು ಬಂದವರು ಟವೆಲ್ ಸುತ್ತಿಕೊಂಡಾಗಿತ್ತು.

ಕೊನೆ ಬಂದೆ ಅಂತ ಬೇಸರ ಆಗಲಿಲ್ಲ ಅಂದರೆ ಸುಳ್ಳಾದೀತು. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಬೇರೆ. ಎರಡೂವರೆ ವರ್ಷ ದಿನಾ ಒಂದು ಕಿಲೋಮೀಟರ್ ಈಜಿದವಳು ನಾನು. ಅತ್ತೆಯಿಂದ ‘ಈ ವಯಸ್ಸಿಗೆ ಇದೇನು’ ಅಂತ ಅನ್ನಿಸಿಕೊಂಡು, ಹಬ್ಬದ ದಿನವೂ ಬಿಡದೆ ಹೋದವಳು. ಅಷ್ಟೂ ಈಜು ಎಪ್ಪತ್ತೈದು ಮೀಟರಿಗೆ ಮುಗಿದುಹೋಯಿತಾ? ಮನೆಗೆ ಬಂದು ಯಜಮಾನರಿಗೆ ‘ಪರವಾಗಿಲ್ಲ, ಆಯ್ತು’ ಅಂದೆ. ಒಳಗೆ ಹೋಗಿ ಸ್ನಾನದ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ.

ಮಾರನೆ ವಾರ ಕೊಳದಲ್ಲಿ ನಮ್ಮ ಕೋಚ್ ಹುಡುಗನಿಗೆ ಹೇಳಿದೆ. ಅವನು ನಕ್ಕ. ‘ಮೇಡಂ, ಬೇಜಾರು ಮಾಡ್ಕೋಬೇಡಿ. ನೀವು ಎರಡೂವರೆ ವರ್ಷದಲ್ಲಿ ನಿಧಾನವಾಗಿ ಈಜೋದನ್ನ ತುಂಬಾ ಚೆನ್ನಾಗಿ ಕಲ್ತಿದ್ದೀರ’ ಅಂದ. ಕೋಪ ಬಂತು. ಆಮೇಲೆ ಕೂತು ಲೆಕ್ಕ ಹಾಕಿದರೆ ಹುಡುಗ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮದು 25 ಮೀಟರ್ ಉದ್ದದ ಕೊಳ. ನಲವತ್ತು ರೌಂಡಿಗೆ ನನಗೆ 32 ನಿಮಿಷ ಬೇಕು. ಅಂದರೆ ಒಂದು ರೌಂಡಿಗೆ 48 ಸೆಕೆಂಡು. ಸ್ಪರ್ಧೆಯಲ್ಲಿ ನಾನು ಹೊರಟಿದ್ದು ರೌಂಡಿಗೆ 33 ಸೆಕೆಂಡಿನ ವೇಗದಲ್ಲಿ. ಆ ವೇಗವನ್ನು ನನ್ನ ಮೈ ಅದುವರೆಗೆ ಕಂಡೇ ಇರಲಿಲ್ಲ! ಸಣ್ಣ ಉರಿಯಲ್ಲಿ ಹಾಲು ಕಾಯಿಸಿಯೇ ಅಭ್ಯಾಸ ಇರುವವರ ಕೈಗೆ ಜೋರು ಉರಿಯ ಒಗ್ಗರಣೆ ಕೊಟ್ಟರೆ ಸಾಸಿವೆ ಸೀದುಹೋಗದೆ ಇನ್ನೇನಾದೀತು?

ಸ್ಪರ್ಧೆಯ ವೇಗದಲ್ಲೇ ಅಭ್ಯಾಸ, ಆದರೆ ತುಂಡು ತುಂಡಾಗಿ

ನೀವು ಸುಮ್ಮನೆ ಆರೋಗ್ಯಕ್ಕೆ, ಮನಸ್ಸಿನ ನೆಮ್ಮದಿಗೆ ಈಜುವವರಾದರೆ ನಿಮ್ಮ ನಲವತ್ತು ರೌಂಡ್ ಚೆನ್ನಾಗಿಯೇ ಇದೆ, ಹಾಗೇ ಮುಂದುವರಿಸಿ. ಈ ಲೇಖನ ನಿಮಗಲ್ಲ. ಸ್ಪರ್ಧೆಗೆ ಹೆಸರು ಕೊಟ್ಟಿದ್ದೀರಿ, ಹೋದ ಸಲಕ್ಕಿಂತ ನಾಲ್ಕು ಸೆಕೆಂಡಾದರೂ ಕಡಿಮೆ ಆಗಬೇಕು ಅನ್ನುವ ಹಟ ಇದೆ ಅಂದರೆ ಮುಂದೆ ಓದಿ.

ವಿಷಯ ಸರಳ. ಯಾವ ವೇಗದಲ್ಲಿ ಸ್ಪರ್ಧಿಸಬೇಕು ಅಂತಿದ್ದೀರೋ ಅದೇ ವೇಗದಲ್ಲಿ ಅಭ್ಯಾಸ ಮಾಡಬೇಕು. ಇಡೀ 100 ಮೀಟರನ್ನು ಆ ವೇಗದಲ್ಲಿ ದಿನಾ ಈಜುವುದು ಆಗದ ಮಾತು, ಎರಡನೇ ಸಲಕ್ಕೇ ಸುಸ್ತು. ಅದಕ್ಕೇ ತುಂಡು ಮಾಡಬೇಕು. 25 ಮೀಟರ್ ಈಜು, ಹದಿನೈದು ಇಪ್ಪತ್ತು ಸೆಕೆಂಡು ನಿಲ್ಲು, ಮತ್ತೆ 25 ಮೀಟರ್. ಇಷ್ಟು ಚಿಕ್ಕ ತುಂಡಿನಲ್ಲಿ ಸುಸ್ತು ತಲೆಗೇರುವ ಮೊದಲೇ ಗೋಡೆ ಸಿಗುತ್ತದೆ. ನಿಂತ ಆ ಸ್ವಲ್ಪ ಹೊತ್ತಿನಲ್ಲಿ ಸ್ನಾಯುಗಳು ಖರ್ಚಾದ ಶಕ್ತಿಯನ್ನು ಒಂದಿಷ್ಟು ವಾಪಸು ತುಂಬಿಕೊಳ್ಳುತ್ತವೆ. ಹೀಗಾಗಿ ಒಂದೇ ದಿನ ಮುನ್ನೂರು ನಾನೂರು ಮೀಟರ್ ದೂರವನ್ನು ಸ್ಪರ್ಧೆಯ ವೇಗದಲ್ಲಿ ಈಜಿದಂತಾಯಿತು. ಕೈ ಎಷ್ಟು ಬೇಗ ಬೀಳಬೇಕು, ಎಷ್ಟು ಕೈಗೆ ಒಂದು ಉಸಿರು, ತಲೆ ಎಲ್ಲಿರಬೇಕು ಎಂಬುದೆಲ್ಲ ಆ ವೇಗದಲ್ಲೇ ಮೈಗೆ ಅಭ್ಯಾಸವಾಗುತ್ತದೆ. ನಿಧಾನವಾಗಿ ಈಜುವಾಗ ಬೀಳುವ ಕೈಯೇ ಬೇರೆ, ಜೋರಾಗಿ ಈಜುವಾಗ ಬೀಳುವ ಕೈಯೇ ಬೇರೆ. ಬೇಕಾದರೆ ಎಣಿಸಿ ನೋಡಿ.

ಇದನ್ನು ಒಂದು ಪದ್ಧತಿಯಾಗಿ ರೂಪಿಸಿ ಜೋರಾಗಿ ವಾದಿಸಿದವರು ಅಮೆರಿಕದ ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಬ್ರೆಂಟ್ ರಶಾಲ್. ಅದನ್ನೇ ನಂಬಿ ಬೆಳೆದ ಹುಡುಗ ಮೈಕೆಲ್ ಆಂಡ್ರ್ಯೂ, ಅಪ್ಪನೇ ಕೋಚ್. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮೆಡ್ಲೆ ರಿಲೇ ತಂಡದಲ್ಲಿದ್ದು ಚಿನ್ನ ಗೆದ್ದ. ಅದೇ ಕೂಟದ 200 ಮೀಟರ್ ಮೆಡ್ಲೆಯಲ್ಲಿ 150 ಮೀಟರ್‌ವರೆಗೆ ಎಲ್ಲರಿಗಿಂತ ಮುಂದಿದ್ದು, ಕೊನೆಯ 50ರಲ್ಲಿ ಸೋತು ಐದನೆಯವನಾದ! ‘ನೋಡಿ, ದೂರದ ಈಜು ಮಾಡಿಸಲಿಲ್ಲ, ಅದಕ್ಕೇ ಹೀಗಾಯ್ತು’ ಅಂದವರು ಬಹಳ ಜನ. ಈ ಜಗಳ ಕೋಚ್‌ಗಳ ನಡುವೆ ಇನ್ನೂ ಮುಗಿದಿಲ್ಲ. ನಮಗೆ ಆ ಜಗಳ ಬೇಡ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ ಸಿಗುವ ನಮ್ಮಂಥವರಿಗೆ ಎರಡು ದಿನ ವೇಗದ ಅಭ್ಯಾಸ, ಒಂದು ದಿನ ಹಳೆಯ ನಿಧಾನದ ಈಜು ಇದ್ದರೆ ಎರಡೂ ಕಡೆಯವರು ಒಪ್ಪುವಂತಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ನಿಮ್ಮ ಸೆಕೆಂಡು ಗೊತ್ತುಮಾಡಿಕೊಳ್ಳಿ

ಎಷ್ಟು ಸೆಕೆಂಡಿನಲ್ಲಿ ಮುಗಿಸಬೇಕು ಅಂತ ಆಸೆ? ಆಸೆ ಅಂದರೆ ನಿಜವಾದ ಆಸೆ, ಟಿವಿಯಲ್ಲಿ ನೋಡಿದ್ದಲ್ಲ. ಈಗಿನ ನಿಮ್ಮ ಟೈಮಿಗಿಂತ ಐದರಿಂದ ಏಳು ಪರ್ಸೆಂಟ್ ಕಡಿಮೆ ಇಟ್ಟುಕೊಂಡರೆ ಮೊದಲ ಸಲಕ್ಕೆ ಸಾಕು. ನನ್ನದು 2 ನಿಮಿಷ 31 ಇತ್ತಲ್ಲ, 2 ನಿಮಿಷ 20 ಅಂತ ಇಟ್ಟುಕೊಂಡೆ. 140 ಸೆಕೆಂಡು. ನಾಲ್ಕು ಭಾಗ ಮಾಡಿದರೆ ಪ್ರತಿ 25 ಮೀಟರಿಗೆ 35 ಸೆಕೆಂಡು. ಮುಗೀತು, ನನ್ನ ಪರೀಕ್ಷೆಯ ಪಾಸ್ ಮಾರ್ಕ್ 35!

ಇದರಲ್ಲಿ ಇನ್ನೊಂದು ಪಾಠವೂ ಇದೆ, ಗಮನಿಸಿದಿರಾ? ಸ್ಪರ್ಧೆಯಲ್ಲಿ ನಾನು ಹೊರಟಿದ್ದು 33ರಲ್ಲಿ. ಅಂದರೆ ನಾನು ಕನಸು ಕಾಣುತ್ತಿರುವ ಟೈಮಿಗಿಂತಲೂ ಜೋರಾಗಿ ಹೊರಟು, ಕೊನೆಗೆ 42ಕ್ಕೆ ಬಂದು ನಿಂತಿದ್ದೆ. ಮೊದಲ ದಿನವೇ ಸಂಬಳ ಪೂರ್ತಿ ಖರ್ಚು ಮಾಡಿ ತಿಂಗಳ ಕೊನೆಗೆ ಸಾಲ ಕೇಳಿದ ಹಾಗೆ. 35ರಲ್ಲಿ ಹೊರಡುವುದನ್ನು ಕಲಿಯುವುದು ಎಂದರೆ ನನ್ನ ಪಾಲಿಗೆ ಜೋರು ಮಾಡುವುದಲ್ಲ, ಮೊದಲ ರೌಂಡಿನಲ್ಲಿ ತಡೆದುಕೊಳ್ಳುವುದು. ಅದೇ ಕಷ್ಟ.

ಇನ್ನು ಅಭ್ಯಾಸ. ಮೊದಲು ಮುನ್ನೂರು ನಾನೂರು ಮೀಟರ್ ಆರಾಮಾಗಿ ಈಜಿ ಮೈ ಬಿಸಿ ಮಾಡಿಕೊಳ್ಳಿ. ನೀರಿಗಿಳಿಯುವ ಮೊದಲು ದಡದಲ್ಲೇ ಭುಜ ತಿರುಗಿಸಿ, ಅವಸರ ಮಾಡಬೇಡಿ. ಆಮೇಲೆ ಗೋಡೆ ಒದ್ದು ಹೊರಡಿ, 25 ಮೀಟರ್ ಮುಟ್ಟಿದಾಗ ಗಡಿಯಾರ ನೋಡಿ. 35 ಅಥವಾ ಒಳಗೆ ಬಂದರೆ ಪಾಸ್. 20 ಸೆಕೆಂಡು ನಿಂತು ಮತ್ತೆ ಹೊರಡಿ. ಹೀಗೆ ಇಪ್ಪತ್ತು ಸಲದವರೆಗೆ ಹೋಗಬಹುದು. ಲೆಕ್ಕ ಹಾಕಿದರೆ ಬರೀ ಹದಿನೆಂಟು ನಿಮಿಷದ ಕೆಲಸ.

ಇಪ್ಪತ್ತೂ ಪಾಸ್ ಆಗುವುದಿಲ್ಲ ಬಿಡಿ. ಆಗಬಾರದು ಕೂಡ. ಎಲ್ಲೋ ಒಂದು ಕಡೆ 36, 37 ಬರುತ್ತದೆ. ರಶಾಲ್ ಅವರ ನಿಯಮ ಇಲ್ಲಿಯೇ ಇರುವುದು. ಒಂದು ಸಲ ಫೇಲಾದರೆ ಮುಂದಿನ ಒಂದು ಸರದಿಯನ್ನು ಬಿಟ್ಟು ಗೋಡೆ ಹಿಡಿದು ನಿಂತು ಸುಧಾರಿಸಿಕೊಳ್ಳಿ. ಮತ್ತೆ ಹೊರಡಿ. ಒಂದರ ಹಿಂದೆ ಒಂದು ಎರಡು ಸಲ ಫೇಲಾದರೆ, ಇಲ್ಲಾ ಒಟ್ಟು ಮೂರು ಸಲ ಫೇಲಾದರೆ ಅವತ್ತಿನ ವೇಗದ ಈಜು ಅಲ್ಲಿಗೆ ಮುಗಿಯಿತು. ಇನ್ನೊಂದು, ಇನ್ನೊಂದು ಅಂತ ಎಳೆಯುವಂತಿಲ್ಲ. ಯಾಕೆಂದರೆ ಆಮೇಲೆ ನೀವು ಅಭ್ಯಾಸ ಮಾಡುವುದು 38ರ ವೇಗವನ್ನು, ಸೋತ ಕೈಯನ್ನು. ನಿಮಗೆ ಬೇಕಾದದ್ದು ಅದಲ್ಲವಲ್ಲ. ಇನ್ನೂರು ಮೀಟರ್ ನಿಧಾನವಾಗಿ ಈಜಿ ಮೇಲೆ ಬನ್ನಿ.

ಈ ನಿಲ್ಲಿಸುವ ನಿಯಮ ಓದಲು ಸುಲಭ. ನಮಗೆ ಮಾತ್ರ ಬಲು ಕಷ್ಟ. ಜ್ವರ ಬಂದರೂ ಚಪಾತಿ ಲಟ್ಟಿಸಿಯೇ ಮಲಗುವ ಜಾತಿ ನಮ್ಮದು, ‘ಸಾಕು’ ಅನ್ನುವುದು ಬಾಯಿಗೆ ಬರುವುದಿಲ್ಲ. ಮೊದಲ ದಿನ ನಾನು ಏಳು ಸಲ ಪಾಸಾಗಿ ಎಂಟಕ್ಕೆ ಫೇಲಾದೆ. ಒಂದು ಬಿಟ್ಟು ಹೊರಟೆ, ಅದೂ ಫೇಲು. ಎರಡೂ ಹಿಂದೆ ಹಿಂದೆಯೇ ಬಂತಲ್ಲ, ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ನಲವತ್ತು ರೌಂಡ್ ಹೊಡೆಯುವವಳು ಎಂಟಕ್ಕೆ ಮೇಲೆ ಬರುವುದಾ ಅಂತ ಅವಮಾನವಾಗಿ ಇಪ್ಪತ್ತು ಮುಗಿಸಿಯೇ ಬಿಟ್ಟೆ. ಮೂರು ದಿನ ಎಡ ಭುಜ ಎತ್ತಲಾಗಲಿಲ್ಲ. ಒಗೆದ ಬಟ್ಟೆ ಒಣಹಾಕಲು ಮಗಳನ್ನು ಕರೆಯಬೇಕಾಯಿತು.

ಆ ಬೇಸಿಗೆ ರಜೆಯಲ್ಲಿ ಮಗಳನ್ನೇ ಸ್ಟಾಪ್‌ವಾಚ್ ಕೊಟ್ಟು ದಡದಲ್ಲಿ ಕೂರಿಸಿದೆ. ಒಂಬತ್ತನೇ ಕ್ಲಾಸು. ವರ್ಷವೆಲ್ಲ ‘ಯಾಕೆ ಎರಡು ಮಾರ್ಕ್ ಹೋಯ್ತು’ ಅಂತ ನನ್ನಿಂದ ಕೇಳಿಸಿಕೊಂಡವಳು. ಅವಳಿಗೆ ಎಂಥ ಖುಷಿ ಅಂತೀರಿ! ‘ಅಮ್ಮಾ, ಮೂವತ್ತೇಳು. ಫೇಲ್! ಮೇಲೆ ಬಾ’ ಅಂತ ಇಡೀ ಕೊಳಕ್ಕೆ ಕೇಳುವ ಹಾಗೆ ಕೂಗುತ್ತಿದ್ದಳು. ಒಂದು ಸೆಕೆಂಡೂ ಬಿಟ್ಟುಕೊಡುತ್ತಿರಲಿಲ್ಲ. ‘ಕೈ ಮುಟ್ಟಿತ್ತು ಕಣೇ’ ಅಂದರೆ ‘ಆನ್ಸರ್ ಗೊತ್ತಿತ್ತು, ಬರೆಯೋಕೆ ಮರೆತೆ ಅಂದಾಗ ನೀನು ಒಪ್ತೀಯಾ?’ ಅಂತ ಕೇಳಿಬಿಟ್ಟಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ನಿರ್ದಾಕ್ಷಿಣ್ಯದ ಟೈಮ್‌ಕೀಪರ್ ಇದ್ದರೆ ಕರೆದುಕೊಂಡು ಹೋಗಿ. ನಮ್ಮ ಕಣ್ಣಿಗೆ ನಮ್ಮ 36 ಯಾವಾಗಲೂ 35ರ ಹಾಗೆಯೇ ಕಾಣುತ್ತದೆ.

ಯಾರೂ ಇಲ್ಲದಿದ್ದರೆ ಗೋಡೆ ಗಡಿಯಾರವೇ ಗತಿ. ಅದರಲ್ಲೊಂದು ಅನುಕೂಲ ಇದೆ. 35 ಸೆಕೆಂಡು ಈಜು, 20 ನಿಲ್ಲುವುದು, ಒಟ್ಟು 55. ಅಂದರೆ ಪ್ರತಿ ಸಲ ಹೊರಡುವಾಗ ಸೆಕೆಂಡಿನ ಮುಳ್ಳು ಐದು ಸೆಕೆಂಡು ಹಿಂದೆ ಇರುತ್ತದೆ. ಮೊದಲು 12ರ ಮೇಲೆ, ಆಮೇಲೆ 11ರ ಮೇಲೆ, 10ರ ಮೇಲೆ. ಹೀಗೆ ಒಂದು ಸುತ್ತು ಹಾಕಿ ಮುಳ್ಳು ಮತ್ತೆ 12ಕ್ಕೆ ಬಂದಾಗ ಹನ್ನೆರಡು ಮುಗಿದಿರುತ್ತದೆ. ಬೆರಳು ಮಡಚಿ ಎಣಿಸಬೇಕಿಲ್ಲ! ಒಂದೆರಡು ಸೆಕೆಂಡು ಬೇಗ ಮುಟ್ಟಿದರೆ ಅಷ್ಟು ಹೆಚ್ಚು ಹೊತ್ತು ನಿಲ್ಲಿ, ಹೊರಡುವ ಜಾಗ ಮಾತ್ರ ಬದಲಿಸಬೇಡಿ. ಹನ್ನೆರಡು ಎಂದರೆ 300 ಮೀಟರ್, ನಿಮ್ಮ ಸ್ಪರ್ಧೆಯ ದೂರದ ಮೂರು ಪಟ್ಟು. ಅಲ್ಲಿಯವರೆಗೆ ಒಂದೂ ಫೇಲಾಗದೆ ಬಂದಿರೋ, ಸ್ಪರ್ಧೆಯಲ್ಲಿ ಆ ಟೈಮು ಕೈಗೆಟುಕುವ ಹಾಗಿದೆ ಅಂತ ಅರ್ಥ. ಇಪ್ಪತ್ತೂ ಪಾಸಾದ ದಿನ ಗುರಿಯನ್ನು ಒಂದೇ ಒಂದು ಸೆಕೆಂಡು ಇಳಿಸಿ. ಮತ್ತೆ ಫೇಲಾಗಲು ಶುರುವಾಗುತ್ತದೆ, ಹೆದರಬೇಡಿ.

200 ಮೀಟರಿನವರು 50 ಮೀಟರಿನ ತುಂಡು ಮಾಡಿಕೊಳ್ಳಿ. 5 ನಿಮಿಷದ ಗುರಿ ಇದ್ದರೆ ಒಂದು ತುಂಡಿಗೆ 1 ನಿಮಿಷ 15 ಸೆಕೆಂಡು, ನಡುವೆ 20 ಸೆಕೆಂಡು. ಬರೀ 50 ಮೀಟರ್ ಸ್ಪರ್ಧೆಗೆ ಹೋಗುವವರಿಗೆ 25 ಕೂಡ ಉದ್ದವಾಯಿತು, ಹನ್ನೆರಡು ಹದಿನೈದು ಮೀಟರಿನ ಓಟ ಸಾಕು. ಅಪಾರ್ಟ್‌ಮೆಂಟಿನ ಕೊಳ ಹದಿನೆಂಟು ಮೀಟರೋ ಇಪ್ಪತ್ತೋ ಇರುತ್ತದೆ. ಟೇಪ್ ಹಿಡಿದು ಅಳೆದು ಅದಕ್ಕೆ ತಕ್ಕ ಸೆಕೆಂಡು ಹಾಕಿಕೊಳ್ಳಿ, ಬಿಲ್ಡರ್ ಹೇಳಿದ ಅಳತೆ ನಂಬಬೇಡಿ!

ಕೈ ಎಣಿಸುವುದನ್ನೂ ರೂಢಿ ಮಾಡಿಕೊಳ್ಳಿ. ಮೊದಲ ತುಂಡಿನಲ್ಲಿ 24 ಕೈಗೆ ಮುಟ್ಟಿದವರು ಹತ್ತನೆಯದರಲ್ಲಿ 29 ಹಾಕಿದರೆ, ಟೈಮ್ ಅದೇ ಇದ್ದರೂ ನೀರು ಜಾರುತ್ತಿದೆ, ಸದ್ಯದಲ್ಲೇ ಫೇಲಾಗುತ್ತೀರಿ ಅಂತ ಲೆಕ್ಕ. ಆಗ ಜೋರು ಮಾಡುವ ಬದಲು ಕೈಯನ್ನು ಮುಂದಕ್ಕೆ ಚಾಚಿ, ಉಸಿರನ್ನು ನೀರೊಳಗೆ ಪೂರ್ತಿ ಬಿಟ್ಟು ನೋಡಿ.

ಮೈಯ ಮಾತನ್ನೂ ಸ್ವಲ್ಪ ಕೇಳಿ

ನಲವತ್ತು ದಾಟಿದ ಮೇಲೆ ಹೀಗೆ ಎದೆಬಡಿತ ಏರಿಸುವ ಅಭ್ಯಾಸ ಶುರುಮಾಡುವ ಮೊದಲು ಡಾಕ್ಟರ ಹತ್ತಿರ ಒಮ್ಮೆ ಹೋಗಿ ಬನ್ನಿ. ಬಿಪಿ, ಶುಗರ್ ಇದ್ದವರು, ಮನೆತನದಲ್ಲಿ ಹೃದಯದ ಕಾಯಿಲೆ ಇದ್ದವರು ಇದನ್ನು ತಪ್ಪಿಸಲೇಬೇಡಿ. ಈಜುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅವತ್ತು ನಿಯಮ ಗಿಯಮ ಏನೂ ಇಲ್ಲ, ತಕ್ಷಣ ಮೇಲೆ ಬಂದು ಯಾರಿಗಾದರೂ ಹೇಳಿ. ಹೊರಡುವ ಮೊದಲು ಜೋರು ಜೋರಾಗಿ ಉಸಿರೆಳೆದು ಬಿಟ್ಟು, ಉಸಿರು ಕಟ್ಟಿ ಈಜುವ ಪಂದ್ಯ ಬೇಡವೇ ಬೇಡ. ನೀರೊಳಗೆ ಎಚ್ಚರ ತಪ್ಪುವ ಅಪಾಯವಿದೆ. ಲೈಫ್‌ಗಾರ್ಡ್ ಇಲ್ಲದ ಹೊತ್ತಿನಲ್ಲಿ ಒಬ್ಬರೇ ಇಳಿಯಬೇಡಿ, ನೀವೆಷ್ಟೇ ಚೆನ್ನಾಗಿ ಈಜಿದರೂ ಸರಿ. ಇನ್ನೂರು ಮೀಟರ್ ನಿಲ್ಲದೆ ಈಜಲು ಇನ್ನೂ ಆಗದವರು ಮೊದಲು ಅದನ್ನು ಮುಗಿಸಿಕೊಳ್ಳಿ, ವೇಗ ಆಮೇಲೆ.

ಮೂರನೆಯದಕ್ಕೇ ಏದುಸಿರು, ಎರಡು ವಾರ ಕಳೆದರೂ ಸುಧಾರಣೆಯೇ ಇಲ್ಲ ಅಂದರೆ ನಿಮ್ಮನ್ನು ನೀವೇ ಬೈದುಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅಂತ ಲೆಕ್ಕ. ನಮ್ಮಲ್ಲಿ ಎಷ್ಟು ಜನ ಅದನ್ನು ಇಟ್ಟುಕೊಂಡೇ ಮನೆಯ ಇಡೀ ಕೆಲಸ ಮಾಡುತ್ತಿರುತ್ತೇವೋ! ನನ್ನ ಜೊತೆ ಈಜುವ ಗೆಳತಿಯೊಬ್ಬಳದು 9 ಇತ್ತು. ‘ನನಗೆ ವಯಸ್ಸಾಯ್ತು, ಇಷ್ಟೇ ನನ್ನ ಹಣೆಬರಹ’ ಅಂತ ಕೂತಿದ್ದವಳು ಡಾಕ್ಟರು ಕೊಟ್ಟ ಕಬ್ಬಿಣಾಂಶದ ಮಾತ್ರೆ ತಗೊಂಡು ನಾಲ್ಕು ತಿಂಗಳಲ್ಲಿ ನನ್ನನ್ನೇ ಹಿಂದೆ ಹಾಕಿದಳು. ಥೈರಾಯ್ಡನ್ನೂ ಒಮ್ಮೆ ನೋಡಿಸಿ.

ಮುಟ್ಟಿನ ದಿನಗಳಲ್ಲಿ ಮೈ ಬೇಡ ಅಂದರೆ ವೇಗದ ದಿನವನ್ನು ಮುಂದಕ್ಕೆ ಹಾಕಿ, ಏನೂ ಕಳೆದುಹೋಗುವುದಿಲ್ಲ. ಮುಟ್ಟು ನಿಲ್ಲುವ ವಯಸ್ಸಿನವರಿಗೆ ಸ್ನಾಯು, ಮೂಳೆ ಎರಡೂ ಸೊರಗುವ ಕಾಲ. ಈಜು ಹೃದಯಕ್ಕೆ, ಕೀಲಿಗೆ ಒಳ್ಳೆಯದಾದರೂ ನೀರು ನಮ್ಮ ಭಾರವನ್ನು ಹೊತ್ತುಕೊಳ್ಳುವುದರಿಂದ ಮೂಳೆಗೆ ಬೇಕಾದಷ್ಟು ಕೆಲಸ ಸಿಗುವುದಿಲ್ಲ. ಹಾಗಾಗಿ ನಡಿಗೆಯನ್ನೂ ಸಣ್ಣ ಡಂಬೆಲ್ಲನ್ನೂ ಬಿಡಬೇಡಿ. ಎರಡು ವೇಗದ ದಿನಗಳ ನಡುವೆ ಕನಿಷ್ಠ ಎರಡು ದಿನದ ಅಂತರ ಇರಲಿ. ಇಪ್ಪತ್ತರ ಮೈ ಒಂದು ರಾತ್ರಿಯಲ್ಲಿ ಸುಧಾರಿಸಿಕೊಂಡರೆ ನಲವತ್ತೈದರ ಮೈ ಎರಡು ರಾತ್ರಿ ಕೇಳುತ್ತದೆ. ಅಮೆರಿಕದ ಡಾರಾ ಟೋರೆಸ್ 41ನೇ ವಯಸ್ಸಿನಲ್ಲಿ, ಎರಡು ವರ್ಷದ ಮಗಳ ತಾಯಿಯಾಗಿ, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮೂರು ಬೆಳ್ಳಿ ಗೆದ್ದರಲ್ಲ, ಹರೆಯದಲ್ಲಿ ಈಜುತ್ತಿದ್ದುದಕ್ಕಿಂತ ಬಹಳ ಕಡಿಮೆ ದೂರ ಈಜಿ, ಹೆಚ್ಚು ವಿಶ್ರಾಂತಿ ತಗೊಂಡೇ ಆ ಮಟ್ಟಕ್ಕೆ ಬಂದವರು. 50 ಮೀಟರ್ ಫ್ರೀಸ್ಟೈಲಿನಲ್ಲಿ ಅವರಿಗೆ ಚಿನ್ನ ತಪ್ಪಿದ್ದು ಒಂದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ!

ಊಟದ ವಿಷಯಕ್ಕೆ ದೊಡ್ಡ ಪಟ್ಟಿ ಬೇಕಿಲ್ಲ. ಖಾಲಿ ಹೊಟ್ಟೆಯಲ್ಲಿ ವೇಗದ ಅಭ್ಯಾಸ ಬೇಡ, ತಿಂಡಿ ತಿಂದ ತಕ್ಷಣವೂ ಬೇಡ. ಮುಕ್ಕಾಲು ಗಂಟೆ ಮೊದಲು ಒಂದು ಬಾಳೆಹಣ್ಣು, ಬಂದ ಮೇಲೆ ಇಡ್ಲಿಯೋ ಮೊಟ್ಟೆಯೋ ಹೆಸರುಕಾಳಿನ ಉಸಲಿಯೋ. ಮಕ್ಕಳಿಗೆ ಮಿಕ್ಕಿದ್ದನ್ನು ತಿಂದು ಮುಗಿಸುವುದನ್ನು ಊಟ ಅನ್ನಬೇಡಿ. ನೀರಿನಲ್ಲಿದ್ದರೂ ಬೆವರುತ್ತೇವೆ, ದಡದಲ್ಲಿ ಕುಡಿಯುವ ನೀರಿನ ಬಾಟಲಿ ಇರಲಿ.

ಬಟ್ಟೆಯ ಮುಜುಗರದಿಂದ ಸ್ಪರ್ಧೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಮಂಡಿಯವರೆಗೆ ಬರುವ ಈಜುಡುಗೆ ಸ್ಪರ್ಧೆಯಲ್ಲೂ ನಡೆಯುತ್ತದೆ. ಡೈವ್ ಹೊಡೆಯಲು ಭಯ ಅನ್ನುವವರಿಗೂ ಒಂದು ಸಮಾಧಾನದ ಸುದ್ದಿ. ಮಾಸ್ಟರ್ಸ್ ನಿಯಮದಲ್ಲಿ ನೀರೊಳಗೆ ನಿಂತು ಗೋಡೆ ಒದ್ದು ಹೊರಡಲು ಅವಕಾಶವಿದೆ. ಒಂದೆರಡು ಸೆಕೆಂಡು ಹೋಗಬಹುದು, ಮರ್ಯಾದೆ ಹೋಗುವುದಿಲ್ಲ. ಇಷ್ಟರ ಮೇಲೂ ‘ಈ ವಯಸ್ಸಿಗೆ ಇದೇನು’ ಅನ್ನುವವರು ಮನೆಯಲ್ಲಿದ್ದರೆ ಜಪಾನಿನ ಮೀಕೊ ನಾಗಾವೊಕಾ ಅವರ ಹೆಸರು ಹೇಳಿ. ಎಂಬತ್ತು ದಾಟಿದ ಮೇಲೆ ಮೊಣಕಾಲು ನೋವಿಗೆಂದು ನೀರಿಗಿಳಿದ ಅಜ್ಜಿ ಅವರು. 2015ರಲ್ಲಿ, ನೂರರ ವಯಸ್ಸಿನಲ್ಲಿ, ಸ್ಪರ್ಧೆಯಲ್ಲಿ 1500 ಮೀಟರ್ ಈಜಿದರು. ಬೇಕಾಗಿದ್ದು ಒಂದೂಕಾಲು ಗಂಟೆ. ನಾನು ಇದನ್ನು ಅತ್ತೆಗೆ ಓದಿ ಹೇಳಿದಾಗ ಅವರು ‘ಪಾಪ, ಅಡಿಗೆ ಯಾರು ಮಾಡ್ತಿದ್ರೋ’ ಅಂದರು. ಅಷ್ಟಾದರೂ ಮಾರನೆ ದಿನದಿಂದ ಹತ್ತು ಗಂಟೆಗೆ ‘ಹೊತ್ತಾಯ್ತು, ಹೊರಡಲ್ವೇನೇ’ ಅಂತ ನೆನಪಿಸುವವರೂ ಅವರೇ ಆದರು.

ಮುಂದಿನ ಸಲ ಏನಾಯಿತು?

ಐದು ತಿಂಗಳು ವಾರಕ್ಕೆ ಎರಡು ದಿನ ಇದನ್ನೇ ಮಾಡಿದೆ. ಏಳು ಒಂಬತ್ತಾಯಿತು, ಒಂಬತ್ತರಲ್ಲೇ ಮೂರು ವಾರ ನಿಂತಿತು, ದೀಪಾವಳಿ ಬಂದು ಮತ್ತೆ ಎಂಟಕ್ಕೆ ಇಳಿಯಿತು. ಆಮೇಲೊಂದು ಗುರುವಾರ ಹನ್ನೆರಡು ದಾಟಿ ಹದಿಮೂರಕ್ಕೆ ಫೇಲಾದೆ. ಕೊನೆಯ ವಾರ ಅಭ್ಯಾಸ ಅರ್ಧಕ್ಕಿಳಿಸಿ, ಐದಾರು ತುಂಡು ಮಾತ್ರ ಅದೇ ವೇಗದಲ್ಲಿ ಈಜಿ ಮೈಗೆ ನೆನಪು ಮಾಡಿಕೊಟ್ಟೆ.

ಸ್ಪರ್ಧೆಯ ದಿನ ಮೊದಲ 50ರಲ್ಲಿ ನಾನೇ ಕೊನೆ. ಎಲ್ಲರೂ ಹಾರಿಕೊಂಡು ಮುಂದೆ ಹೋದರು. ಮಗಳ ‘ಮೂವತ್ತೈದು, ಮೂವತ್ತೈದು’ ತಲೆಯಲ್ಲಿ ಓಡುತ್ತಿತ್ತು, ಹೋಗಲಿ ಅಂತ ಬಿಟ್ಟೆ. ಎಪ್ಪತ್ತೈದರ ಹತ್ತಿರ ತೋಳು ಸುಟ್ಟಂತಾಯಿತು, ಆದರೆ ಈ ಸಲ ಅದು ಪರಿಚಯದ ಉರಿ, ಹತ್ತನೇ ತುಂಡಿನಲ್ಲಿ ದಿನಾ ಬರುವಂಥದ್ದು. ಕೈ ನಿಲ್ಲಲಿಲ್ಲ. ಇಬ್ಬರನ್ನು ದಾಟಿದೆ. 2 ನಿಮಿಷ 22. ಮೊದಲ ಅರ್ಧ 1 ನಿಮಿಷ 9, ಎರಡನೆಯದು 1 ನಿಮಿಷ 13. ಅಂದುಕೊಂಡದ್ದಕ್ಕಿಂತ ಎರಡು ಸೆಕೆಂಡು ಹೆಚ್ಚು. ಅಭ್ಯಾಸ 25 ಮೀಟರಿನ ಕೊಳದಲ್ಲಿ ಮಾಡಿ 50 ಮೀಟರಿನ ಕೊಳದಲ್ಲಿ ಸ್ಪರ್ಧಿಸಿದರೆ ಗೋಡೆ ಒದೆಯುವ ಲಾಭ ಕಡಿಮೆಯಾಗುತ್ತದೆ. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ, ನೀವು ಹಿಡಿಯಿರಿ. ಆರು ಜನರಲ್ಲಿ ನಾಲ್ಕನೆಯವಳು, ಪದಕ ಇಲ್ಲ. ಪದಕ ಗೆದ್ದ ಮೂವರಲ್ಲಿ ಒಬ್ಬರು ನನಗಿಂತ ಎರಡು ವರ್ಷಕ್ಕೆ ದೊಡ್ಡವರು ಅಂತ ಆಮೇಲೆ ಗೊತ್ತಾಯಿತು. ಅವರ ಟೈಮು ಬರೆದುಕೊಂಡು ಬಂದಿದ್ದೇನೆ.

ನೀವೂ ಶುರುಮಾಡುವುದಾದರೆ ಮಹಿಳಾ ಬ್ಯಾಚಿನ ಕೊನೆಯ ಇಪ್ಪತ್ತು ನಿಮಿಷಕ್ಕೆ ಒಂದು ಲೇನ್ ಬಿಟ್ಟುಕೊಡುವಂತೆ ಕೋಚನ್ನು ಕೇಳಿ. ಆ ಹೊತ್ತಿಗೆ ಸಾಮಾನ್ಯವಾಗಿ ಅರ್ಧ ಜನ ಮೇಲೆ ಬಂದು ಮಾತಾಡುತ್ತಿರುತ್ತಾರೆ, ಸಿಗುತ್ತದೆ. ಬ್ಯಾಗಿನಲ್ಲಿ ಒಂದು ಸಣ್ಣ ನೋಟ್‌ಬುಕ್, ಪೆನ್ನು ಇರಲಿ. ದಿನಾಂಕ, ಗುರಿಯ ಸೆಕೆಂಡು, ಎಷ್ಟನೆಯದಕ್ಕೆ ಫೇಲಾಯಿತು, ಈ ಮೂರು ಸಾಕು. ಮೊದಲ ದಿನ ನಾಲ್ಕಕ್ಕೇ ಫೇಲಾದರೆ ಆ ನಾಲ್ಕನ್ನೇ ಬರೆದಿಡಿ.